ತಟ್ಟಿನ ಮೇಲೆ ಕೂಡುತ್ತಿದ್ದ ಮಾಸ್ತರರು

ರಾಯಚೂರಿನಲ್ಲಿ ನಮಗೆ ಶಿಕ್ಷಕರ ತರಬೇತಿ ಕೊಟ್ಟ ಮಾಸ್ತರರು ಕುರ್ಚಿಯಲ್ಲಿ ಕುಳಿತದ್ದನ್ನು ನಾನು ನೋಡಲೇ ಇಲ್ಲ. ಯಾವ ಶಾಲೆಗೆ ಹೋದರೂ ಚಪ್ಪಲಿ ಕಳಚಿ, ಒಂದನೇ ತರಗತಿಯ ಮಕ್ಕಳ ನಡುವೆ ಗೋಣಿತಟ್ಟಿನ ಮೇಲೆ ಕೂಡುತ್ತಿದ್ದರು. ನಮಗೆ ಹೇಳುತ್ತಿದ್ದದ್ದು ಒಂದೇ ಮಾತು: “ಕೂಸು ಏನಂತದ, ಮೊದಲ ಅದನ್ನ ಕೇಳ್ರಿ.”

ಎಪ್ಪತ್ತರ ದಶಕದ ಕೊನೆಗೆ ಹಿರೇಕೊಟ್ನೆಕಲ್ಲಿನ ಶಾಲೆಯಲ್ಲಿ ನನ್ನ ಅಭ್ಯಾಸ ಪಾಠ ನಡೆದಿತ್ತು. ವಾರವಿಡೀ ಕೈಬಳೆ ಅಲ್ಲಾಡಿಸಿ ‘ಬ’ ಕಲಿಸಿದರೂ ಒಬ್ಬ ಹುಡುಗಿ ಮಾತ್ರ ಬಾಯಿ ಬಿಡಲಿಲ್ಲ. ಮಕ್ಕಳ ಕಲಿಕೆಯ ಬಗ್ಗೆ ಬರೆದಿಡುವ ವಹಿಯಲ್ಲಿ ಅವಳ ಹೆಸರಿನ ಮುಂದೆ ‘ದಡ್ಡಿ’ ಎಂದು ಬರೆದೆ.

ಪಾಠ ನೋಡಲು ಬಂದ ಮಾಸ್ತರರು ಅದನ್ನು ಓದಿದರು. ಹುಡುಗಿಯ ಪಕ್ಕ ಕುಳಿತು, ಅವಳ ಮನೆಮಾತಾದ ದಖ್ಖನಿ ಉರ್ದುವಿನಲ್ಲಿ ಏನೋ ಕೇಳಿದರು.

“ಹಮಾರಿ ಬಕರಿ ಭಾಗ್ ಗಯಿ,” ಎಂದಳು ಸಣ್ಣಗೆ. ಅವರ ಮನೆಯ ಆಡು ಓಡಿಹೋಗಿತ್ತು.

ಮಾಸ್ತರರು ಆ ಮಾತನ್ನೇ ಕನ್ನಡ ಅಕ್ಷರಗಳಲ್ಲಿ ಪಾಟಿಯ ಮೇಲೆ ಬಳಪದಿಂದ ಬರೆದು, ಬೆರಳಿಟ್ಟು ಓದಿದರು. ಹುಡುಗಿ ‘ಬಕರಿ’ಯ ಮೊದಲ ಅಕ್ಷರ ಮುಟ್ಟಿದಳು. ಎದ್ದು ಹೋಗಿ, ಕರಿಹಲಗೆಯ ಮೇಲಿದ್ದ ನನ್ನ ‘ಬ’ವನ್ನೂ ಮುಟ್ಟಿದಳು.

ಮಾಸ್ತರರು ವಹಿಯನ್ನು ನನ್ನ ಕೈಗಿಟ್ಟರು. “ಈಕಿ ಬಗ್ಗಿ ಏನ್ ಬರದೀರಿ, ಈಕಿಗೇ ಓದಿ ಹೇಳ್ರಿ.”

ನನಗೆ ಓದಲಾಗಲಿಲ್ಲ.

ಮುಂದೆ ನಾನೂ ದೇವದುರ್ಗದಲ್ಲಿ ಹೊಸ ಶಿಕ್ಷಕರಿಗೆ ತರಬೇತಿ ಕೊಡುವವಳಾದೆ. ಮೊದಲ ದಿನ ತಟ್ಟಿನ ಮೇಲೆ ಕುಳಿತು ಆ ಹಳೆಯ ವಹಿ ತೆರೆಯುತ್ತಿದ್ದೆ. ಆ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದೆ, ಹುಡುಗಿಯ ಹೆಸರಿದ್ದ ಜಾಗದಲ್ಲಿ ನನ್ನ ಹೆಸರು ಹಾಕಿ.