ಬಂಗಲೆಯ ಬೀರುವಿನಲ್ಲಿ ಎರಡು ಮಳೆಗಾಲ

ಹುಣಸೂರಿನ ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ನನಗೆ ತಾಳ್ಮೆಯ ಮನುಷ್ಯನೆಂಬ ಹೆಸರಿತ್ತು. ಆ ಹೆಸರು ನನಗೆ ಬಹಳ ಹಿಡಿಸಿತ್ತು ಕೂಡ. ಶಾಲೆಯ ಸೂರು ಸೋರಿದರೆ ಮಕ್ಕಳನ್ನು ಇನ್ನೊಂದು ಮೂಲೆಗೆ ಕೂರಿಸಿ ಪಾಠ ಮುಂದುವರಿಸುತ್ತಿದ್ದೆನೇ ಹೊರತು ಬಂಗಲೆಗೆ ಹೋಗಿ ದೊರೆಯನ್ನು ಕೇಳುತ್ತಿರಲಿಲ್ಲ. ದೊರೆ ಎಂದರೆ ನಮ್ಮ ಬಿಳಿ ಪಾದ್ರಿ; ನಮ್ಮವರೆಲ್ಲ ಹಾಗೇ ಕರೆಯುತ್ತಿದ್ದದ್ದು. ನಮ್ಮಪ್ಪ ಹಳ್ಳಿ ಹಳ್ಳಿ ತಿರುಗುವ ಉಪದೇಶಿಯಾಗಿದ್ದರು. ಬಾಯಿಬಿಟ್ಟು ಕೇಳುವುದು ನಂಬಿಕೆಯಿಲ್ಲದವರ ಕೆಲಸವೆಂದು ಅವರು ನನ್ನ ತಲೆಗೆ ಚಿಕ್ಕಂದಿನಲ್ಲೇ ತುಂಬಿಬಿಟ್ಟಿದ್ದರು.

ನನ್ನ ಹೆಂಡತಿ ಮೈಸೂರಿನ ಮಿಷನ್ ಅನಾಥಾಲಯದಲ್ಲಿ ಬೆಳೆದವಳು. ಪ್ಲೇಗಿನ ವರ್ಷ ಯಾರೋ ತಂದು ಬಿಟ್ಟುಹೋದ ನಾಲ್ಕು ವರ್ಷದ ಮಗು. ಅಲ್ಲಿನ ಪುಸ್ತಕದಲ್ಲಿ ಅವಳ ಊರೂ ಇರಲಿಲ್ಲ, ತಾಯಿಯ ಹೆಸರೂ ಇರಲಿಲ್ಲ. ಅವಳಿಗೆ ನೆನಪಿದ್ದದ್ದು ಎರಡೇ. ಒಂದು, ಹಗಲೂ ರಾತ್ರಿ ನೀರು ಧುಮುಕುವ ಸದ್ದು. ಅದು ಚುಂಚನಕಟ್ಟೆಯ ಕಾವೇರಿಯೇ ಇರಬೇಕೆಂದು ನಾವು ಅಂದುಕೊಂಡಿದ್ದೆವು. ಇನ್ನೊಂದು, ಪ್ಲೇಗಿಗೆ ಹೆದರಿ ಜನ ಊರು ಬಿಟ್ಟು ಹೊಲದಲ್ಲಿ ಹಾಕಿಕೊಂಡಿದ್ದ ಗುಡಿಸಲು. ಒಳಗೆ ಅವ್ವ ಜ್ವರದಲ್ಲಿ ಮಲಗಿದ್ದಾಳೆ. ಹೊರಗೆ ಇವಳು ಒಡೆದ ಮಡಕೆಯ ಎರಡು ಚೂರು ಇಟ್ಟುಕೊಂಡು ಮರಳನ್ನು ರಾಗಿಯಂತೆ ಬೀಸುತ್ತಿದ್ದಾಳೆ. ಒಳಗಿನಿಂದ ಅವ್ವನ ದನಿ ಬರುತ್ತದೆ: “ಬೀಸಿದ್ ಇಟ್ಟು ಸಾಕು ಕಣವ್ವ, ಯಾವ ನೆಂಟ್ರೂ ಬರಾಕಿಲ್ಲ.”

ಮದುವೆಯಾದ ಮೇಲೆ ಎರಡು ಸಲ ಚುಂಚನಕಟ್ಟೆಯ ಸುತ್ತಿನ ಊರುಗಳಲ್ಲಿ ವಿಚಾರಿಸಿ ಬಂದೆವು. ಕಿರಿಸ್ತಾನರ ಹೆಂಗಸೊಬ್ಬಳು ಬಂದು ನಮ್ಮವ್ವ ಯಾರು ಎಂದು ಕೇಳಿದರೆ ಯಾವ ಒಕ್ಕಲು ಮನೆಯವರು ನಮ್ಮ ಮಗಳು ಎಂದಾರು? ನಮ್ಮನ್ನು ಕಂಡೊಡನೆ ಬಾಗಿಲು ಹಾಕಿಕೊಂಡವರೂ ಇದ್ದರು.

ಎರಡನೆಯ ಸಲ ಬಂದ ಮೇಲೆ ಅವಳೇ ಅಂದಳು: “ನೀವು ಇದನ್ನ ಕತೆ ಮಾಡಿ ಬರೀರಿ. ಕತೆ ಕೇಳೋಕೆ ಯಾರಿಗೂ ನಾಚಿಕೆಯಿಲ್ಲ. ನಮ್ಮವ್ವನ ಕಿವಿಗೆ ಬಿದ್ರೆ ಅವಳೇ ಹುಡುಕ್ಕೊಂಡು ಬರ್ತಾಳೆ.”

ಅದೇನೂ ಹುಚ್ಚು ಆಸೆಯಲ್ಲ. ಆಗ ಹಳ್ಳಿಗಳಲ್ಲಿ ಓದು ಬಲ್ಲವನೊಬ್ಬ ಜಗಲಿಯ ಮೇಲೆ ಕೂತು ಓದುತ್ತಿದ್ದ, ಇಡೀ ಕೇರಿ ಕೇಳುತ್ತಿತ್ತು. ನಾನು ಮೂರು ವರ್ಷ ಬರೆದೆ. ಅವಳು ಒಲೆಯ ಮುಂದೆ ಕೂತು ಪ್ರತಿಯೊಂದು ಹಾಳೆಯನ್ನೂ ದುಂಡಗೆ ನಕಲು ಮಾಡಿದಳು. ಮರಳು ಬೀಸುವ ಭಾಗ ಬಂದಾಗ ನಾನು ಬರೆದದ್ದನ್ನು ಹೊಡೆದುಹಾಕಿ ತಾನೇ ಬರೆದಳು. ಇಡೀ ಕಾದಂಬರಿಯಲ್ಲಿ ಜೀವವಿದ್ದದ್ದು ಅದೊಂದಕ್ಕೇ.

ಮಿಷನ್ನಿನ ಕೆಲಸದವರು ಬರೆದದ್ದು ಬಂಗಲೆಯ ಮೂಲಕವೇ ಹೋಗಬೇಕು, ಬಂಗಲೆಯ ಮೂಲಕವೇ ಬರಬೇಕು. ಒಂದು ವರ್ಷ ಕಳೆದ ಮೇಲೆ ದೊರೆ ಕರೆಸಿ, ಮೈಸೂರಿನ ಅಚ್ಚುಕೂಟದವರು ಒಪ್ಪಿದ್ದಾರೆ ಎಂದರು. ಅವರು ಅಚ್ಚಿನ ಮೊಳೆ ಜೋಡಿಸಿ ಕರಡು ಕಳಿಸುತ್ತಾರೆ, ನೀನು ತಿದ್ದಿ ರುಜು ಹಾಕಿದ ಮೇಲೆ ಅಚ್ಚಾಗುತ್ತದೆ ಎಂದೂ ತಿಳಿಸಿದರು. ಅದಾದ ತಿಂಗಳಿಗೆ ದೊರೆ ರಜೆಯ ಮೇಲೆ ತಮ್ಮ ದೇಶಕ್ಕೆ ಹೊರಟುಹೋದರು.

ನಾನು ಕಾದೆ. ದಿನಾ ಬೆಳಗ್ಗೆ ಸಂಜೆ ಬಂಗಲೆಯ ಗೇಟಿನ ಮುಂದೆಯೇ ನನ್ನ ದಾರಿ. ಒಂದು ದಿನವೂ ಒಳಗೆ ಹೋಗಿ ಕೇಳಲಿಲ್ಲ.

“ಒಂದ್ಸಲ ಮೈಸೂರಿಗೆ ಹೋಗಿ ವಿಚಾರಿಸ್ಕೊಂಡು ಬನ್ನಿ,” ಎಂದಳು ಅವಳು.

“ಅವರಿಗೆ ನೂರೆಂಟು ಕೆಲಸ ಇರುತ್ತೆ. ದೇವರ ಚಿತ್ತ ಇದ್ದಾಗ ಆಗುತ್ತೆ.”

“ನಮ್ಮವ್ವನಿಗೆ ವಯಸ್ಸಾಗ್ತಾ ಇದೆ, ಬದುಕಿದ್ರೆ.”

ಆದರೂ ಹೋಗಲಿಲ್ಲ. ಆತುರದವನು ಅನ್ನಿಸಿಕೊಳ್ಳಲು ನನಗೆ ಅಳುಕು. ಅದೂ ಸಾಲದೆಂದು ದೊರೆಯಿಲ್ಲದ ಆ ದಿನಗಳಲ್ಲಿ ಒಂದು ಭಾನುವಾರ ಚರ್ಚಿನಲ್ಲಿ ಸಭೆಯ ಮುಂದೆ ನಿಂತು ಕಾಯುವುದರ ಹಿರಿಮೆಯ ಮೇಲೆ ಅರ್ಧ ಗಂಟೆ ಮಾತಾಡಿದೆ. ಚೆನ್ನಾಗಿತ್ತೆಂದು ನಾಲ್ಕು ಜನ ಕೈ ಹಿಡಿದು ಹೇಳಿದರು. ಅವಳು ಮಾತ್ರ ತಲೆ ತಗ್ಗಿಸಿ ಮುಂದೆ ನಡೆದು ಮನೆ ಸೇರಿದ್ದಳು.

ಎರಡು ಮಳೆಗಾಲ ಹೀಗೇ ಹೋಯಿತು. ಹೊಸ ದೊರೆ ಬಂದು ಬೀರು ತೆಗೆಸಿದ ದಿನ ಬಂಗಲೆಯ ಬಟ್ಲರ್ ಒಂದು ಕಟ್ಟನ್ನು ಶಾಲೆಗೆ ತಂದುಕೊಟ್ಟ. ಮೇಲೆ ದಪ್ಪಗೆ ಧೂಳು, ಒಳಗೆ ನನ್ನ ಕಾದಂಬರಿಯ ಕರಡು. ಜೊತೆಗೆ, ಬೇಗ ತಿದ್ದಿ ಕಳಿಸಿ, ಜೋಡಿಸಿದ ಮೊಳೆಗಳನ್ನು ಬಿಚ್ಚದೆ ನಿಮಗಾಗಿ ಕಟ್ಟಿಟ್ಟಿದ್ದೇವೆ ಎಂಬ ಚೀಟಿ.

“ಇದು ಯಾವಾಗ ಬಂತು?” ಎಂದೆ.

“ಆ ದೊರೆ ಊರ್ಗೋದ ತಿಂಗ್ಳೇ ಬಂತು ಸೋಮಿ. ಬಂದಿದ್ ಕಾಗ್ದನೆಲ್ಲ ಬೀರೂಗ್ ಆಕಿ ಬೀಗ ಆಕು ಅಂದಿದ್ರು, ಆಕ್ದೆ. ನೀವೂ ಕೇಳ್ನಿಲ್ವಲ್ಲ.”

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಮರುದಿನವೇ ಮೈಸೂರಿಗೆ ಹೋದೆ. ಅಚ್ಚುಕೂಟದ ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಕಡೆಯಿಂದ ಉಸಿರೇ ಇಲ್ಲ, ನಿಮಗೇ ಬೇಡವಾಯಿತೇನೋ ಎಂದು ಮೊಳೆ ಬಿಚ್ಚಿ ಬೇರೆ ಕೆಲಸಕ್ಕೆ ಹಾಕಿಬಿಟ್ಟೆವು ಎಂದ. ಅಷ್ಟು ದಿನವೂ ನಾನು ಅವರಿಗೆ ಕಾದಿದ್ದೆ, ಅವರು ನನಗೆ ಕಾದಿದ್ದರು. ಮತ್ತೆ ಮೊದಲಿನಿಂದ ಜೋಡಿಸಿದರು. ಆ ವರ್ಷದ ಕೊನೆಗೆ ಪುಸ್ತಕ ಹೊರಬಂತು. ಹೊಸ ದೊರೆ ಅದನ್ನು ಸಭೆಯ ಮುಂದೆ ಎತ್ತಿ ಹಿಡಿದು ನನ್ನ ತಾಳ್ಮೆಯನ್ನು ಹೊಗಳಿದರು.

ಐದು ತಿಂಗಳ ಮೇಲೆ ಒಂದು ಮಧ್ಯಾಹ್ನ ಒಬ್ಬ ರೈತ ನಮ್ಮ ಮನೆಯ ಜಗಲಿಯ ತುದಿಯಲ್ಲಿ ಬಂದು ಕೂತ. ಮಿರ್ಲೆಯ ಕಡೆಯವನು, ವಯಸ್ಸು ನಲವತ್ತರ ಮೇಲೆ. ನೀರು ಕೊಟ್ಟರೆ ಬೇಡವೆಂದ.

“ಆ ಮಳ್ಳು ಬೀಸೋ ಕತೆ ಬರ್ದೋರು ನೀವೇಯಾ? ನಮ್ಮೂರ್ ಮೇಷ್ಟ್ರು ಜಗ್ಲಿ ಮ್ಯಾಲೆ ಓದುದ್ರು. ನಮ್ಮವ್ವ ಆಡಿದ್ ಮಾತು ನಿಮ್ಗೆಂಗ್ ಗೊತ್ತಾಯ್ತು?”

ಪ್ಲೇಗಿನಲ್ಲಿ ಅವನ ಅಪ್ಪ ಸತ್ತಿದ್ದ. ಎಂಟು ವರ್ಷದ ಇವನು ಮಿರ್ಲೆಯ ಸೋದರಮಾವನ ಮನೆಯಲ್ಲಿದ್ದ. ಅವ್ವ ಉಳಿಯಲಾರಳೆಂದು ಯಾರೋ ತಂಗಿಯನ್ನು ಮೈಸೂರಿಗೆ ಸಾಗಿಸಿದರು. ಅವ್ವ ಉಳಿದುಕೊಂಡು ಮಿರ್ಲೆಯ ತವರು ಸೇರಿದಳು, ಸಾಗಿಸಿದವರೇ ಸತ್ತರು. ಮೈಸೂರಿನಿಂದ ಯಾರು ಬಂದರೂ ಅವಳು ಹೀಗೊಂದು ಹೆಣ್ಣುಮಗು ಕಂಡಿರಾ ಎಂದು ಕೇಳುತ್ತಿದ್ದಳಂತೆ. ಮರಳು ಬೀಸಿದ ಮಾತನ್ನು ಹೇಳಿಕೊಂಡು ಅಳುತ್ತಿದ್ದಳಂತೆ.

ನನ್ನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. “ಅವ್ವ ಎಲ್ಲವಳೆ?” ಎಂದಳು. ಮಿಷನ್ ಶಾಲೆಯಲ್ಲಿ ಕಲಿತ ಕನ್ನಡವೆಲ್ಲ ಆ ಗಳಿಗೆಯಲ್ಲಿ ಅವಳ ಬಾಯಿಂದ ಜಾರಿಹೋಗಿತ್ತು.

“ಓದ್ ವರ್ಸ ಸುಗ್ಗೀಲಿ ತೀರೋದ್ಲು ಕಣವ್ವ.”

ಕರಡು ಬೀರುವಿನಲ್ಲಿದ್ದ ಎರಡನೆಯ ವರ್ಷದ ಸುಗ್ಗಿ ಅದು. ಅವನು ನೆಲ ನೋಡುತ್ತ ಮತ್ತೆ ಹೇಳಿದ: “ಅವ್ವ ಇದ್ದಿದ್ರೆ ನಿನ್ ಕೈ ಇಡ್ಕೊಂಡು ಒಳೀಕ್ ಕರ್ಕೊಂಡೋಗೋಳು. ಅವ್ಳಿಗೆ ಎದುರಾಡೋರು ನಮ್ಮೂರ್ನಾಗೆ ಯಾರೂ ಇರ್ನಿಲ್ಲ. ನನ್ ಕೈಲಾಗಾಕಿಲ್ಲ ತಂಗಿ. ನಂಗೂ ಎಣ್ಮಕ್ಳವೆ, ಲಗ್ನ ಆಗ್ಬೇಕು.”

ಹೊತ್ತಿಳಿಯುವ ಮುಂಚೆ ಅವನು ಎದ್ದುಹೋದ. ಅವಳು ಬೀದಿಯ ತಿರುವಿನವರೆಗೂ ಅವನ ಹಿಂದೆಯೇ ಹೋಗಿ ಒಬ್ಬಳೇ ವಾಪಸು ಬಂದಳು. ನನಗೆ ಏನಾದರೂ ಹೇಳಬೇಕೆನ್ನಿಸಿತು. ಅಷ್ಟಾದ ಮೇಲೂ ನನ್ನ ಬಾಯಿಗೆ ಬಂದದ್ದು ದೇವರ ಚಿತ್ತದ ಮಾತೇ.

“ದೇವರನ್ನ ಯಾಕೆ ಎಳೀತೀರಿ?” ಎಂದಳು. ದನಿ ಏರಿಸಲಿಲ್ಲ. “ನೀವು ಒಳ್ಳೆಯವರು ಅನ್ನಿಸ್ಕೊಳ್ಳೋಕೆ ಕಾದ್ರಿ. ನಾನು ನಮ್ಮವ್ವನಿಗೆ ಕಾದೆ.”

ಒಳಗೆ ಹೋಗಿ ಒಲೆ ಹಚ್ಚಿದಳು. ನಾನು ಜಗಲಿಯ ಮೇಲೇ ಕೂತಿದ್ದೆ. ಊಟಕ್ಕೆ ಅವಳು ಕರೆಯಲಿಲ್ಲ, ನಾನೂ ಕೇಳಲಿಲ್ಲ.