ಮಿಷಿನ್ ಅಕ್ಕ ಬಿಚ್ಚಿ ನೋಡಿದ ನಾಣ್ಯ

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮಿಷಿನ್ ಅಕ್ಕ ಎಂದೇ ಕರೆಯುತ್ತಿದ್ದರು. ಹೊಲಿಯುವ ಕೆಲಸಕ್ಕೆಂದು ಸೇರಿದಾಗ ಅವಳಿಗೆ ಹತ್ತೊಂಬತ್ತು ವರ್ಷ. ಆ ಕಾಲದಲ್ಲಿ ಮಿಷಿನ್ ಕೆಟ್ಟರೆ ರಿಪೇರಿಯವನು ಬರುವವರೆಗೆ ಕೈಕಟ್ಟಿ ಕೂರಬೇಕು; ಕೂತಷ್ಟು ಹೊತ್ತಿನ ಕೂಲಿ ಖೋತಾ. ರಿಪೇರಿಯವನೋ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಒಂದು ದಿನ ಊಟದ ಬಿಡುವಿನಲ್ಲಿ ಅವಳೇ ಸ್ಕ್ರೂ ಡ್ರೈವರ್ ಹಿಡಿದು ಮಿಷಿನ್ನಿನ ಹೊಟ್ಟೆ ಬಿಚ್ಚಿದಳು. ಮೇಲ್ವಿಚಾರಕ ಕಂಡು ಹೌಹಾರಿದ.

"ಏಯ್, ಮುಟ್ಟಬೇಡ! ಹೆಂಗಸರಿಗೆ ಇದೆಲ್ಲ ಬಗ್ಗಲ್ಲ."

ಅವಳು ತಲೆ ಎತ್ತಲಿಲ್ಲ. ಬಾಬಿನ್ ಕೂರುವ ಜಾಗದಲ್ಲಿ ಸಿಕ್ಕಿಕೊಂಡಿದ್ದ ಬೆರಳುದ್ದದ ದಾರವನ್ನು ಎಳೆದು ಹಾಕಿ, ಎರಡು ಹನಿ ಎಣ್ಣೆ ಬಿಟ್ಟು, ಪೆಡಲ್ ಒತ್ತಿದಳು. ಮಿಷಿನ್ ಗುರ್ರ್ ಎಂದಿತು. "ಬಗ್ಗಿತು ನೋಡಿ ಸಾರ್" ಎಂದಳು. ಮೇಲ್ವಿಚಾರಕ ಗಂಟಲು ಸರಿಮಾಡಿಕೊಂಡು ಮುಂದಿನ ಸಾಲಿಗೆ ಹೋದ.

ಮೂವತ್ತಮೂರು ವರ್ಷ ಕಳೆದ ಮೇಲೆ ಅದೇ ಕಾರ್ಖಾನೆಯ ನಲವತ್ತಮೂರು ಮಿಷಿನ್‌ಗಳ ನಾಡಿ ಅವಳ ಕೈಯಲ್ಲಿತ್ತು. ದೂರದಲ್ಲಿ ಕೂತೇ ಶಬ್ದ ಕೇಳಿ "ಮೂರನೇ ಸಾಲಿನ ಕೊನೇ ಮಿಷಿನ್ನಿನ ಬೆಲ್ಟ್ ಸಡಿಲ ಆಗಿದೆ" ಎನ್ನುವಳು. ಮದುವೆಯಾಗಿರಲಿಲ್ಲ. ಬಸ್ ಓಡಿಸುವ ಅಣ್ಣ, ಅತ್ತಿಗೆಯ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದಳು. ಬಿಚ್ಚಿ ನೋಡದ ವಸ್ತುವನ್ನು ನಂಬುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಹೊಸ ಗಡಿಯಾರ ತಂದರೂ ಮೊದಲು ಹಿಂದಿನ ಮುಚ್ಚಳ ತೆಗೆಯುತ್ತಿದ್ದಳು. ಇದಕ್ಕೆ ಅತ್ತಿಗೆಯ ಗೊಣಗಾಟ ಇದ್ದೇ ಇತ್ತು.

ಆ ವರ್ಷ ಕಾರ್ಖಾನೆಗೆ ಒಬ್ಬ ಕೋಟಿನವನು ಬಂದ. ಮಾಲೀಕರೇ ಕರೆತಂದು, ಸಂಬಳದ ದಿನ ಹೆಂಗಸರನ್ನೆಲ್ಲ ಸೇರಿಸಿ, "ಇವರು ನಿಮಗೆ ಒಳ್ಳೇ ದಾರಿ ತೋರಿಸ್ತಾರೆ" ಎಂದು ಪರಿಚಯಿಸಿದರು.

ಕೋಟಿನವನ ನಾಲಿಗೆಯಲ್ಲಿ ಬೆಣ್ಣೆ. "ಅಕ್ಕಂದಿರಾ, ಬಿಟ್‌ಕಾಯಿನ್ ಹೆಸರು ಕೇಳಿದೀರಲ್ವಾ? ಅದರ ಸ್ವಂತ ತಮ್ಮ ಈ ನಮ್ಮ ಕಾಯಿನ್. ಈಗ ಹಾಕಿದ ದುಡ್ಡು ಆರು ತಿಂಗಳಿಗೆ ಎರಡರಷ್ಟು." ಎಲ್ಲರ ಫೋನಿಗೂ ಆ್ಯಪ್ ಹಾಕಿಸಿ, ಉಡುಗೊರೆಯೆಂದು ತಲಾ ಹತ್ತು ನಾಣ್ಯ ಕೊಟ್ಟ. ಪರದೆಯ ಮೇಲೆ ಹಸಿರು ಅಂಕಿಯೊಂದು ಒಂದೇ ಸಮನೆ ಏರತೊಡಗಿತು. ನೋಡಿದವರ ಕಣ್ಣು ಅಲ್ಲೇ ನೆಟ್ಟವು.

ಅವನ ಕಣ್ಣು ನೆಟ್ಟದ್ದು ಬೇರೆ ಕಡೆ. ಆ ಹೆಂಗಸರು ಒಂಬತ್ತು ವರ್ಷದಿಂದ ಒಂದು ಗಂಟು ಕೂಡಿಟ್ಟಿದ್ದರು. ಸ್ವಂತಕ್ಕೊಂದು ಹಾಲ್ ಬಾಡಿಗೆ ಹಿಡಿದು, ಹತ್ತು ಮಿಷಿನ್ ಹಾಕಿ, ತಮ್ಮದೇ ಹೊಲಿಗೆ ಘಟಕ ಶುರುಮಾಡುವ ಆಸೆ. ಗಂಟಿನ ಜವಾಬ್ದಾರಿ ಎಲ್ಲರಿಗಿಂತ ಹಿರಿಯಳಾದ ಇಸ್ತ್ರಿ ಅಮ್ಮನದು; ನೆಲಮಾಳಿಗೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವವಳು ಅವಳು. "ಅಷ್ಟೂ ಇದಕ್ಕೆ ಹಾಕಿ ಅಮ್ಮ, ಹತ್ತು ಮಿಷಿನ್ ಯಾಕೆ, ಇಪ್ಪತ್ತು ತಗೋಬಹುದು" ಎಂದ ಕೋಟಿನವನು.

ಮಿಷಿನ್ ಅಕ್ಕ ಎದ್ದು ನಿಂತಳು. "ಅಲ್ಲ ಸಾರ್, ಇದು ಒಳಗೆ ಹೇಗೆ ಕೆಲಸ ಮಾಡುತ್ತೆ?"

"ಅಯ್ಯೋ ಅಕ್ಕ, ಅದೆಲ್ಲ ದೊಡ್ಡ ವಿಷಯ. ಹೆಂಗಸರು ನೀವು ಯಾಕೆ ತಲೆ ಕೆಡಿಸ್ಕೋತೀರಾ? ನಾನಿದ್ದೀನಲ್ಲ!"

ಸುತ್ತ ಕೂತವರು ನಕ್ಕರು. ಅಕ್ಕ ನಗಲಿಲ್ಲ. ಮಾತಿನಲ್ಲಿ ಸಕ್ಕರೆ ಇತ್ತು, ಆದರೆ ಇದು 'ಮುಟ್ಟಬೇಡ' ಎಂಬ ಹಳೆಯ ಮಾತೇ ಅಲ್ಲವೇ ಎನಿಸಿ ಅವಳ ಮೈ ಉರಿಯಿತು. "ಎರಡು ವಾರ ಟೈಮ್ ಕೊಡಿ, ಆಮೇಲೆ ಹೇಳ್ತೀವಿ" ಎಂದು ಇಸ್ತ್ರಿ ಅಮ್ಮನ ಬಾಯಲ್ಲಿ ಹೇಳಿಸಿ ಕೂತಳು.

ಸಾರ್ವಜನಿಕ ಗ್ರಂಥಾಲಯದಲ್ಲಿ ಭಾನುವಾರ ಬೆಳಗ್ಗೆ ಕ್ರಿಪ್ಟೋ ಕರೆನ್ಸಿ ಬಗ್ಗೆ ಪುಕ್ಕಟೆ ಪಾಠ ನಡೆಯುತ್ತದೆಂದು ಅಲ್ಲಿಯ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಹೊರಟು ನಿಂತ ತಂಗಿಯನ್ನು ನೋಡಿ ಅಣ್ಣ ಮೂಗು ಮುರಿದ. "ನಿನಗ್ಯಾಕಮ್ಮಾ ಈ ವಯಸ್ಸಲ್ಲಿ ಇಲ್ಲದ ಉಸಾಬರಿ? ಅದೆಲ್ಲ ಓದಿದ ಗಂಡಸರ ವ್ಯವಹಾರ."

"ಗಂಡಸರ ವ್ಯವಹಾರ ಆಗಿದ್ರೆ ಅವನು ಹೆಂಗಸರ ಗಂಟಿಗೆ ಯಾಕೆ ಬಂದ ಅಣ್ಣಾ?" ಎಂದು ಕೇಳಿ ಅವಳು ಚಪ್ಪಲಿ ಮೆಟ್ಟಿದಳು. ಅತ್ತಿಗೆ ಒಳಗಿನಿಂದ ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

ಪಾಠದ ಕೋಣೆಯಲ್ಲಿ ಹನ್ನೊಂದು ಜನ, ಹನ್ನೊಂದೂ ಗಂಡಸರು. ಪಕ್ಕದಲ್ಲಿದ್ದವನು, "ಮಗನಿಗೋಸ್ಕರ ಕೇಳಕ್ಕೆ ಬಂದ್ರಾ ಅಮ್ಮ?" ಎಂದ. "ಇಲ್ಲಪ್ಪಾ, ನನಗೋಸ್ಕರ" ಎಂದು ನೋಟ್‌ಬುಕ್ ಬಿಡಿಸಿದಳು. ಪಾಠ ಹೇಳುತ್ತಿದ್ದವರು ನಿವೃತ್ತ ಗಣಿತದ ಮೇಷ್ಟ್ರು. ಮೊದಲ ಅರ್ಧ ಗಂಟೆ ಎಲ್ಲರೂ ತಲೆದೂಗಿದ್ದೇ ತಲೆದೂಗಿದ್ದು. ಅಕ್ಕ ಕೈ ಎತ್ತಿದಳು.

"ನನಗೆ ಒಂದೂ ಅರ್ಥ ಆಗ್ಲಿಲ್ಲ ಮೇಷ್ಟ್ರೇ. ಮೊದಲಿಂದ ಹೇಳ್ತೀರಾ?"

ಮೇಷ್ಟ್ರ ಮುಖ ಅರಳಿತು. ಸೀಮೆಸುಣ್ಣ ಕೆಳಗಿಟ್ಟು ಅವಳ ಮುಂದೆಯೇ ಕುರ್ಚಿ ಎಳೆದುಕೊಂಡರು. "ಒಂದು ಪುಸ್ತಕ ಇದೆ ಅಂದ್ಕೊಳ್ಳಿ. ಅದರ ಪ್ರತಿ ಲೋಕದಲ್ಲಿ ಸಾವಿರಾರು ಜನರ ಹತ್ರ ಇದೆ. ಯಾರಿಂದ ಯಾರಿಗೆ ನಾಣ್ಯ ಹೋಯ್ತು ಅಂತ ಒಂದು ಸಾಲು ಬರೆದ್ರೆ ಎಲ್ಲಾ ಪ್ರತಿಯಲ್ಲೂ ಬೀಳುತ್ತೆ. ಯಾರೂ ಒಬ್ಬರೇ ಕೂತು ಅದನ್ನ ಅಳಿಸೋ ಹಾಗಿಲ್ಲ. ಯಾರು ಬೇಕಾದ್ರೂ ತೆಗೆದು ನೋಡಬಹುದು. ನಿಮ್ಮ ನಾಣ್ಯ ಕಳಿಸೋದಕ್ಕೆ ಒಂದು ಕೀಲಿ ಇರುತ್ತೆ. ಅದು ನಿಮ್ಮ ಕೈಯಲ್ಲಿದ್ರೆ ಮಾತ್ರ ನಾಣ್ಯ ನಿಮ್ಮದು."

"ಮತ್ತೆ ಬೆಲೆ? ಏರ್ತಾನೇ ಇರುತ್ತಾ?"

"ಏರುತ್ತೆ, ಧೊಪ್ಪಂತ ಬೀಳುತ್ತೆ. ಜನ ಕೊಂಡು ಮಾರೋದರ ಮೇಲೆ ಬೆಲೆ. ಏರೇ ಏರುತ್ತೆ ಅಂತ ಯಾರಾದ್ರೂ ಖಾತ್ರಿ ಕೊಟ್ರೆ, ಎದ್ದು ಬಂದುಬಿಡಿ."

ತಲೆದೂಗುತ್ತಿದ್ದ ಹನ್ನೊಂದು ಜನರೂ ಈಗ ಬರೆದುಕೊಳ್ಳತೊಡಗಿದ್ದರು. ಕೊನೆಗೆ ಮೇಷ್ಟ್ರು ಅವಳ ಫೋನಿನಲ್ಲೇ ವಾಲೆಟ್, ಅಂದರೆ ನಾಣ್ಯ ಇಡುವ ಚೀಲ, ತೆರೆಸಿದರು. ಕೀಲಿ ಕಳೆದರೂ ಅದನ್ನು ಮತ್ತೆ ಪಡೆಯಲು ಬಳಸುವ ಹನ್ನೆರಡು ಪದಗಳನ್ನು ಅವಳ ಕೈಯಲ್ಲೇ ಕಾಗದಕ್ಕೆ ಬರೆಸಿ, "ಇದನ್ನ ನನಗೂ ತೋರಿಸಬೇಡಿ" ಎಂದು ಮುಖ ಆಚೆ ತಿರುಗಿಸಿಕೊಂಡರು. ಆಮೇಲೆ ಒಂದು ಲೋಟ ಟೀ ಬೆಲೆಯಷ್ಟು ನಾಣ್ಯ ಕಳಿಸಿದರು. ಎಲ್ಲರಿಗೂ ತೆರೆದಿರುವ ಆ ಪುಸ್ತಕದಲ್ಲಿ ಹುಡುಕಿದರೆ ಅವಳ ಸಾಲು ಅಲ್ಲೇ ಇತ್ತು, ಗಂಟೆ ನಿಮಿಷದ ಸಮೇತ. ಮಿಷಿನ್ನಿನ ಒಳಗನ್ನು ಮೊದಲ ಸಲ ಕಂಡ ದಿನದ ಹಿಗ್ಗೇ ಅವಳಿಗಾಯಿತು.

ಅದೇ ವಾರ ಇಸ್ತ್ರಿಯ ಹಬೆ ಯಂತ್ರ ಕೆಟ್ಟು ಅಕ್ಕ ನೆಲಮಾಳಿಗೆಗೆ ಇಳಿದಳು. ಅಂಗಿಗಳ ಹೊರೆ ಹೊತ್ತು ಕಾಜಾ ತಂಗಿಯೂ ಬಂದಳು. ಗುಂಡಿಯ ಕಾಜಾ ಹಾಕುವುದರಲ್ಲಿ ಆಕೆಯ ಕೈಗೆ ಸಾಟಿಯಿರಲಿಲ್ಲ. ಹುಟ್ಟಿನಿಂದ ಕಿವಿ ಕೇಳದು, ಸಂಜ್ಞೆಯಲ್ಲೇ ಮಾತು. ಕೋಟಿನವನ ಬೆಣ್ಣೆಮಾತು ಆಕೆಗೆ ತಾಕಿರಲೇ ಇಲ್ಲ. ಆಕೆ ನೋಡಿದ್ದು ಪರದೆಯನ್ನು ಮಾತ್ರ.

ಆಕೆ ಅಕ್ಕನ ತೋಳು ಜಗ್ಗಿ ಫೋನ್ ಮುಂದೆ ಹಿಡಿದಳು. ಮೊದಲು ಮೇಲಿನ ಮೂಲೆಗೆ ಬೆರಳಿಟ್ಟಳು. ನೆಲಮಾಳಿಗೆಯಲ್ಲಿ ಯಾರ ಫೋನಿಗೂ ಸಿಗ್ನಲ್ ಸಿಗುವುದಿಲ್ಲ. ಆಮೇಲೆ ಹಸಿರು ಅಂಕಿಯ ಮೇಲೆ ಬೆರಳಿಟ್ಟಳು. ಅಂಕಿ ಏರುತ್ತಲೇ ಇತ್ತು! ಹುಬ್ಬು ಎತ್ತಿ, ಎರಡೂ ಕೈ ಬಿಡಿಸಿದಳು: ಎಲ್ಲಿಂದ ಬರ್ತಿದೆ ಇದು?

ಅಕ್ಕ ಹಣೆ ಚಚ್ಚಿಕೊಂಡಳು. ಹೊರಗಿನ ಸುದ್ದಿಯೇ ಬಾರದ ಫೋನಿಗೆ ಹೊರಗಿನ ಬೆಲೆ ತಿಳಿಯುವುದಾದರೂ ಹೇಗೆ? ಪಾಠ ಕೇಳಿ ಬಂದೂ ತನಗೆ ಹೊಳೆಯದ್ದು ಈ ಹುಡುಗಿಗೆ ಬರಿಗಣ್ಣಿಗೇ ಕಂಡಿತ್ತು. ಆಕೆಯನ್ನು ತಬ್ಬಿ ಬೆನ್ನು ತಟ್ಟಿದಳು. ಇಬ್ಬರೂ ಸೇರಿ ಇಸ್ತ್ರಿ ಅಮ್ಮನಿಗೆ ವಿಷಯ ಮುಟ್ಟಿಸಿದರು.

ಹೇಳಿದ ದಿನಕ್ಕೆ ಕೋಟಿನವನು ಬಂದ. ಮಾಲೀಕರು ಪಕ್ಕದ ಕುರ್ಚಿಯಲ್ಲಿ. ಹೆಂಗಸರು ಮಿಷಿನ್‌ಗಳ ನಡುವೆ ನಿಂತಿದ್ದರು. ಅಕ್ಕ ಮುಂದೆ ಬಂದಳು.

"ಸಾರ್, ನೀವು ಕೊಟ್ಟ ಹತ್ತು ನಾಣ್ಯದಲ್ಲಿ ಒಂದನ್ನ ನನ್ನ ಈ ಬೇರೆ ವಾಲೆಟ್ಟಿಗೆ ಕಳಿಸ್ಕೋತೀನಿ. ಹೇಗೆ?"

"ಈಗ ಆಗಲ್ಲ ಅಕ್ಕ. ಆರು ತಿಂಗಳು ಲಾಕ್."

"ಕೀಲಿ ಯಾರ ಹತ್ರ ಇದೆ?"

"ಕಂಪನಿ ಹತ್ರ. ಸುರಕ್ಷಿತವಾಗಿದೆ."

"ಸರಿ. ಎಲ್ಲರಿಗೂ ಕಾಣೋ ಪುಸ್ತಕ ಇರುತ್ತಲ್ಲ, ಅದರಲ್ಲಿ ನಮ್ಮ ನಾಣ್ಯ ಎಲ್ಲಿದೆ, ತೋರಿಸಿ."

ಕೋಟಿನವನ ಮುಖ ಹುಳ್ಳಗಾಯಿತು. "ಅದು... ಕಂಪನಿ ಗುಟ್ಟು. ಯಾರು ನಿಮಗೆ ಇದೆಲ್ಲ ಹೇಳಿಕೊಟ್ಟಿದ್ದು?"

ಅಕ್ಕ ಕಾಜಾ ತಂಗಿಗೆ ಸನ್ನೆ ಮಾಡಿದಳು. ಆಕೆ ಮೇಜು ಹತ್ತಿ ನಿಂತು ತನ್ನ ಫೋನ್ ಎತ್ತಿ ಹಿಡಿದಳು. ಎಲ್ಲರಿಗೂ ಕಾಣುವಂತೆ ಇಂಟರ್‌ನೆಟ್ ಬಂದ್ ಮಾಡಿದಳು. ಉಳಿದವರೂ ಹಾಗೇ ಮಾಡಿದರು. ನಲವತ್ತು ಫೋನುಗಳು ಹೊರಲೋಕದ ಸಂಪರ್ಕ ಕಡಿದುಕೊಂಡವು. ನಲವತ್ತರಲ್ಲೂ ಹಸಿರು ಅಂಕಿ ಏನೂ ಆಗಿಲ್ಲವೆಂಬಂತೆ ಏರುತ್ತಲೇ ಹೋಯಿತು.

ಇಸ್ತ್ರಿ ಅಮ್ಮ ಕನ್ನಡಕ ಏರಿಸಿಕೊಂಡು, "ಏನಪ್ಪಾ, ನಿನ್ನ ಕಾಯಿನ್ನಿನ ಬೆಲೆ ನನ್ನ ಫೋನಿನ ಹೊಟ್ಟೆಯಲ್ಲೇ ಹುಟ್ಟುತ್ತಾ? ಹಾಗಿದ್ರೆ ನಾನೇ ಸಾಕ್ಕೋತೀನಿ, ನೀನು ಹೊರಡು" ಎಂದಳು.

ನಗೆ ಚಾವಣಿಗೆ ಬಡಿಯಿತು. ನಕ್ಕೂ ನಕ್ಕೂ ಕೆಲವರು ಬಟ್ಟೆಯ ಗುಡ್ಡೆಗಳ ಮೇಲೇ ಕುಸಿದರು. ಕೋಟಿನವನು "ಅಪ್‌ಡೇಟ್... ಸರ್ವರ್..." ಎಂದು ತೊದಲುತ್ತ ಬ್ಯಾಗು ಎತ್ತಿಕೊಂಡ. ಮಾಲೀಕರು ಮಾತ್ರ ನಗಲಿಲ್ಲ. ಅವರೂ ತಮ್ಮ ಫೋನಿನ ಇಂಟರ್‌ನೆಟ್ ಬಂದ್ ಮಾಡಿ, ಬೆವರೊರೆಸಿಕೊಳ್ಳುತ್ತ ಅಂಕಿಯನ್ನೇ ನೋಡುತ್ತಿದ್ದರು. ಮರುಕ್ಷಣ ಎದ್ದು ಬಾಗಿಲಿಗೆ ಅಡ್ಡ ನಿಂತವರೂ ಅವರೇ. "ಎಲ್ಲಿಗ್ರೀ ಹೊರಟ್ರಿ? ಕೂತ್ಕೊಳ್ಳಿ. ಪೊಲೀಸರು ಬರಲಿ."

ಊರಿನ ಇನ್ನೂ ನಾಲ್ಕು ಕಡೆ ಅವನು ಹೀಗೇ ಟೋಪಿ ಹಾಕಲು ಹೊರಟಿದ್ದನಂತೆ. ಹೆಚ್ಚಿನವು ಹೆಂಗಸರು ಕೆಲಸ ಮಾಡುವ ಜಾಗಗಳೇ. ಹಣ ಊರು ದಾಟುವ ಮೊದಲೇ ಸಿಕ್ಕಿಬಿದ್ದ. ಮಾಲೀಕರೂ ಅವನಿಗೆ ಮೊದಲೇ ಹಣ ಕೊಟ್ಟಿದ್ದರು; ಅದರಲ್ಲಿ ಮುಕ್ಕಾಲು ಪಾಲು ವಾಪಸ್ ಬಂತು. ಹೆಂಗಸರ ಗಂಟಿಗೆ ಒಂದು ಗೀರೂ ಬೀಳಲಿಲ್ಲ.

ಆ ಸಂಜೆ ಇಸ್ತ್ರಿ ಅಮ್ಮ ಕೇಳಿದಳು: "ಹಾಗಾದ್ರೆ ಈ ಕಾಯಿನ್ನುಗಳೆಲ್ಲಾ ಸುಳ್ಳೇನೇ?"

"ಒಬ್ಬ ಕೊಳೆತ ದಾರ ಮಾರಿದ ಅಂತ ಹೊಲಿಗೇನೇ ಸುಳ್ಳಾಗುತ್ತಾ ಅಮ್ಮ? ಕೊಂಡ್ಕೊಳ್ಳಿ ಅಂತ ನಾನು ಯಾರಿಗೂ ಹೇಳಲ್ಲ. ತಿಳ್ಕೊಳ್ಳಿ ಅಂತೀನಿ. ತಿಳ್ಕೊಂಡು ಬೇಡ ಅಂದ್ರೆ ಅದು ನಿಮ್ಮ ತೀರ್ಮಾನ. ತಿಳೀದೇ ಬೇಡ ಅಂದ್ರೂ, ಬೇಕು ಅಂದ್ರೂ, ಅದು ಇನ್ಯಾರದೋ ತೀರ್ಮಾನ."

ಮುಂದಿನ ತಿಂಗಳು ಗ್ರಂಥಾಲಯದಲ್ಲಿ ಹೊಸ ತಂಡದ ಪಾಠ ಶುರುವಾದಾಗ ಕುರ್ಚಿ ಸಾಲಲಿಲ್ಲ. ಮೂವತ್ತು ಹೆಂಗಸರು, ಜೊತೆಗೆ ಕಾಜಾ ತಂಗಿ ಕರೆತಂದ, ಕಿವಿ ಕೇಳದ ಆರು ಗೆಳತಿಯರು. ಮೇಷ್ಟ್ರು ಸೀಮೆಸುಣ್ಣವನ್ನು ಮಿಷಿನ್ ಅಕ್ಕನ ಕೈಗಿಟ್ಟು ಹಿಂದೆ ಹೋಗಿ ಕೂತರು. ಅಕ್ಕ ಹೇಳುತ್ತ ಬೋರ್ಡಿನ ಮೇಲೆ ಬರೆದದ್ದನ್ನು ಕಾಜಾ ತಂಗಿ ಓದಿ ಸಂಜ್ಞೆಗೆ ತರುತ್ತಿದ್ದಳು. ಒಂದು ಪುಟಕ್ಕೆ ಮುಂದಿನ ಪುಟ ಕೊಂಡಿ ಹಾಕಿಕೊಂಡ ಆ ಪುಸ್ತಕಕ್ಕೆ ಅವರಲ್ಲಿ ಸಂಜ್ಞೆಯೇ ಇರಲಿಲ್ಲ. ಆಕೆ ಎರಡೂ ಕೈಯ ತೋರುಬೆರಳುಗಳನ್ನು ಕೊಕ್ಕೆಯಂತೆ ಒಂದಕ್ಕೊಂದು ಸಿಕ್ಕಿಸಿ, ಬಿಡಿಸಿ, ಮತ್ತೆ ಸಿಕ್ಕಿಸಿ ತೋರಿಸಿದಳು. ಆರು ಜನರ ಹನ್ನೆರಡು ಕೈಗಳೂ ಹಾಗೇ ಮಾಡಿದವು.

ಕೊನೆಯ ಸಾಲಿನಲ್ಲಿ ಅಣ್ಣ ಕೂತಿದ್ದ. ಪಾಠ ಮುಗಿದ ಮೇಲೆ ತಲೆ ಕೆರೆದುಕೊಳ್ಳುತ್ತ ಬಂದ. "ನಿಮ್ಮತ್ತಿಗೆಗೆ ಹೇಳಬೇಡ. ಆ ಕೋಟಿನವನಿಗೆ ಬಸ್ ಡಿಪೋದಲ್ಲಿ ನಾನೂ ಅರ್ಧ ತಿಂಗಳ ಸಂಬಳ ಕೊಟ್ಟಿದ್ದೆ."

"ಅತ್ತಿಗೆಗೆ ನೀನು ಹೇಳೋ ಮೊದಲೇ ಗೊತ್ತು. ನಿನ್ನನ್ನ ಇಲ್ಲಿಗೆ ಕಳಿಸಿದ್ದು ಯಾರು ಅಂದ್ಕೊಂಡೆ?" ಎಂದಳು ಅಕ್ಕ.

ಕಲಿತಿದ್ದನ್ನು ಎಲ್ಲರಿಗಿಂತ ಮೊದಲು ಬಳಸಿಕೊಂಡವಳು ಕಾಜಾ ತಂಗಿ. ಬ್ಯಾಂಕಿನ ಕೌಂಟರಿನಲ್ಲಿ ಯಾವಾಗಲೂ ಆಕೆಯನ್ನು ಬಿಟ್ಟು ಜೊತೆಗೆ ಬಂದವರೊಡನೆಯೇ ಮಾತನಾಡುತ್ತಿದ್ದರು. ಈಗ ಕಡಲಾಚೆಯ ಕೋಟು ತಯಾರಕನೊಬ್ಬ ಇಂಟರ್‌ನೆಟ್ಟಿನಲ್ಲಿ ಆಕೆಯ ಕೈಕಾಜಾಗಳ ಚಿತ್ರ ನೋಡಿ ಬೇಡಿಕೆ ಕಳಿಸಿದ. ಬೆಲೆ ಹೆಚ್ಚು ಏರಿಳಿಯದ ನಾಣ್ಯದಲ್ಲಿ ಕೂಲಿ, ಕೆಲಸ ಅವನ ಕೈಸೇರಿದ ದಿನವೇ ಆಕೆಯ ವಾಲೆಟ್ಟಿಗೆ ಬಂತು. ನಡುವೆ ಯಾರೂ ಇರಲಿಲ್ಲ. ಸಂಜೆಯೊಳಗೆ ಅದನ್ನು ತಾನೇ ನಗದಾಗಿಸಿ ತಾಯಿಗೆ ಹೊಸ ಕನ್ನಡಕ ಕೊಡಿಸಿದಳು.

ವರ್ಷ ತುಂಬುವುದರೊಳಗೆ ಹೆಂಗಸರು ಗಂಟು ಬಿಚ್ಚಿ ಹಾಲ್ ಬಾಡಿಗೆಗೆ ಹಿಡಿದರು. ಎತ್ತರದ ಕಿಟಕಿಗಳು, ಹೊಸ ಸುಣ್ಣದ ವಾಸನೆ, ಎರಡು ಸಾಲಿನಲ್ಲಿ ಹತ್ತು ಮಿಷಿನ್. ಮಾಲೀಕರೂ ಬಂದು ಶುಭ ಕೋರಿ, ಮೊದಲ ಬೇಡಿಕೆ ತಾವೇ ಕೊಟ್ಟರು: ಇನ್ನೂರು ಅಂಗಿ. ಮಿಷಿನ್ ಅಕ್ಕ ಪ್ರತಿ ಮಿಷಿನ್ನನ್ನೂ ಬಿಚ್ಚಿ, ನೋಡಿ, ಎಣ್ಣೆ ಬಿಟ್ಟು, ಮುಚ್ಚಿದಳು. ಆಮೇಲೆ ಕೈ ಒರೆಸಿಕೊಂಡು, "ಹೂಂ, ಶುರು ಮಾಡ್ರಮ್ಮಾ!" ಎಂದಳು.

ಹತ್ತೂ ಮಿಷಿನ್ ಒಟ್ಟಿಗೆ ಓಡಿದವು. ಕಾಜಾ ತಂಗಿ ಎರಡೂ ಅಂಗೈಯನ್ನು ಉದ್ದನೆಯ ಮೇಜಿನ ಮೇಲೆ ಒತ್ತಿ, ಆ ಓಟವನ್ನೆಲ್ಲ ಮೈಗೆ ಇಳಿಸಿಕೊಂಡು, ಬಾಯ್ತುಂಬ ನಗುತ್ತ ನಿಂತಳು.