ಮುಲುಂಡಿನ ಹೆಬ್ಬಾಗಿಲು

ತುರ್ಭೆಯ ಮುದ್ರಣಾಲಯದಲ್ಲಿ ಕರಡುಪ್ರತಿಯ ಪುಟಗಳನ್ನು ಮಗುಚುತ್ತಿದ್ದಂತೆ ಜಯಲತಾ ಅವರ ಕಿವಿ ಬಿಸಿಯಾಯಿತು. ತಾವು ಬರೆದ ಕಾದಂಬರಿಯ ಐದು ಹೆಬ್ಬಾಗಿಲುಗಳಲ್ಲಿ ಒಂದೂ ಅಲ್ಲಿರಲಿಲ್ಲ.

ಜಯಲತಾ ಡೊಂಬಿವಲಿಯವರು. ಹುಟ್ಟಿದ್ದು ಉಡುಪಿಯ ಕಡೆ. ಮದುವೆಯಾಗಿ ಬಂದ ಮೇಲೆ ನಿವೃತ್ತಿಯವರೆಗೂ ದಾದರಿನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದರು. ಬೆಳಗ್ಗೆ ಕಚೇರಿಗೆ ಹೋಗುವಾಗ, ಪ್ರತಿ ನಿಲ್ದಾಣದಲ್ಲೂ ನಿಲ್ಲುವ ಸ್ಲೋ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಕೆಲವರು ಭಜನೆ ಹಾಡುತ್ತಿದ್ದರು, ಕೆಲವರು ಬಟಾಣಿ ಸುಲಿಯುತ್ತಿದ್ದರು. ಜಯಲತಾ ಕಥೆ ಹೇಳುತ್ತಿದ್ದರು. ಬೂದಿಯನ್ನು ಮತ್ತೆ ಬೆಂಕಿಯಾಗಿಸಬಲ್ಲ ನೀಲಾಂಗಿ ಎಂಬ ಹುಡುಗಿಯ ಕಥೆ. ಕಷ್ಟವೊಂದೇ: ಕೇಳುವವರು ಒಟ್ಟಿಗೆ ಹತ್ತುತ್ತಿರಲಿಲ್ಲ. ದಿವಾದಲ್ಲಿ ಒಬ್ಬಳು, ಥಾಣೆಯಲ್ಲಿ ಇಬ್ಬರು, ಆಮೇಲೆ ಮುಲುಂಡ್, ಭಾಂಡುಪ್, ಘಾಟ್ಕೋಪರ್. ಹತ್ತಿದವಳು ಸೆರಗು ಸರಿಪಡಿಸಿಕೊಳ್ಳುವ ಮುನ್ನವೇ "ಏನಾಯ್ತು? ಎಲ್ಲಿದ್ದಾಳೆ?" ಎನ್ನುತ್ತಿದ್ದಳು.

ಆದ್ದರಿಂದ, ಹೊಸದಾಗಿ ಹತ್ತಿದವಳಿಗೂ ಹಿಂದಿನದು ತಿಳಿಯಲೆಂದು, ಜಯಲತಾ ಕಥೆಯ ಲೋಕದಲ್ಲಿ ಆ ಐದು ನಿಲ್ದಾಣಗಳಿಗೆ ಸರಿಯಾಗಿ ಐದು ಊರು ಕಟ್ಟಿದರು, ಊರಿಗೊಂದು ಹೆಬ್ಬಾಗಿಲು ಇಟ್ಟರು. ಒಂದೂರಿನ ಮಂತ್ರ ಮುಂದಿನ ಊರಿನಲ್ಲಿ ನಡೆಯದು. ಬಾಗಿಲ ಕಾವಲಿನವಳು "ನೀನು ಯಾರು? ಈವರೆಗೆ ಏನಾಯಿತು?" ಎಂದು ಕೇಳುತ್ತಾಳೆ. ನೀಲಾಂಗಿ ನಿಜ ಹೇಳಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಪ್ರತಿ ಬಾಗಿಲೂ ಹಿಂದಿನದಕ್ಕಿಂತ ಕಹಿಯಾದ ನಿಜವನ್ನು ಬೇಡುತ್ತದೆ.

ಮುಂದೆ ಆ ಕಥೆ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅಲ್ಲಿಯವರೆಗೆ ಆ ಪತ್ರಿಕೆಯ ಮಾಯಾಕಥೆಗಳಲ್ಲಿ ಮಂತ್ರವಾದಿ ಕಣ್ಣು ಮುಚ್ಚಿದರೆ ಏಳು ಸಮುದ್ರದಾಚೆಗೂ ಕೆಲಸ ಕೈಗೂಡುತ್ತಿತ್ತು. ಇಂದು ಈ ರೈಲುಮಾರ್ಗದ ಊರುಗಳ ಕನ್ನಡದ ಎಳೆಯರು ಬರೆಯುವ ಅದ್ಭುತಕಥೆಗಳಲ್ಲಿ ಮಾಯೆಗೆ ಗಡಿಯಿದೆ, ಗಡಿ ದಾಟುವವರಿಗೆ ಪ್ರಶ್ನೆಯಿದೆ. ಆ ದಾರಿ ಹಾಕಿಕೊಟ್ಟವರು ಯಾರೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಸಂಘ ಹಂಚಿದ ಪುಸ್ತಕ ಬಿಡುಗಡೆಯ ಆಹ್ವಾನಪತ್ರಿಕೆಯಲ್ಲಂತೂ "ಪುರಾಣಗಳಿಂದ ಪ್ರೇರಿತ ಕಾದಂಬರಿ" ಎಂದೇ ಅಚ್ಚಾಗಿತ್ತು. ಅದು ತಪ್ಪು. ಪ್ರೇರಣೆ ರೈಲ್ವೆಯದು.

ಆ ಧಾರಾವಾಹಿಯೇ ಈಗ ಪುಸ್ತಕವಾಗಲಿತ್ತು. ಸಂಪಾದಕರು ಧರ್ಮಪಾಲ: ನೆರೂಳಿನಲ್ಲಿ ಹೋಟೆಲು ನಡೆಸುವವರು, ಸಂಘದ ಕಾರ್ಯದರ್ಶಿ. ಮುದ್ರಣಾಲಯದಲ್ಲಿ ಎದುರಿಗೇ ಕುಳಿತಿದ್ದರು.

"ಬಾಗಿಲುಗಳೆಲ್ಲಿ, ಧರ್ಮಪಾಲರೇ?"

"ತೆಗೆದೆ ಜಯಕ್ಕ. ಐದೈದು ಸಲ ಅದೇ ಕಥೆ ಹೇಳ್ತಾಳಲ್ಲ ಮಾರಾಯ್ರೆ! ಓದುವವರಿಗೆ ಬೋರ್ ಆಗ್ತದೆ."

"ಅದೇ ಕಥೆಯಲ್ಲ. ಮೊದಲ ಬಾಗಿಲಲ್ಲಿ ನೀಲಾಂಗಿ, ನನ್ನ ತಮ್ಮ ಕಳೆದುಹೋದ ಅಂತಾಳೆ. ಕೊನೆಯದರಲ್ಲಿ, ನಾನೇ ಅವನನ್ನು ಬಿಟ್ಟು ಓಡಿಬಂದೆ ಅಂತಾಳೆ. ನೀವು ಓದಿದ್ದೀರೋ, ಬರೀ ಕತ್ತರಿ ಆಡಿಸಿದ್ದೀರೋ?"

"ಭಾನುವಾರ ಬಿಡುಗಡೆ ಉಂಟು. ಹಾಲ್ ಬುಕ್ ಆಗಿದೆ, ಊಟಕ್ಕೆ ಹೇಳಿಯಾಗಿದೆ. ಬೇಕಾದ್ರೆ ಕೊನೆಯದೊಂದು ಬಾಗಿಲು ಇಡುವ. ಸೆಟಲ್ ಮಾಡಿ."

"ಸೆಟಲ್ ಮಾಡಲಿಕ್ಕೆ ಇದೇನು ಹೌಸಿಂಗ್ ಸೊಸೈಟಿಯ ಪಾರ್ಕಿಂಗಾ? ಐದೂ ಬೇಕು. ಇಲ್ಲದಿದ್ರೆ ನನ್ನ ಹೆಸರಲ್ಲಿ ಪುಸ್ತಕವೇ ಬೇಡ."

"ಈ ಪ್ರಾಯದಲ್ಲಿ ಹಠ ಯಾಕೆ ಜಯಕ್ಕ? ಇನ್ನೊಮ್ಮೆ ಯಾರು ಪುಸ್ತಕ ಮಾಡ್ತಾರೆ, ಹೇಳಿ?"

ಜಯಲತಾ ಎದ್ದರು. ಕರಡನ್ನು ಮೇಜಿನ ಮೇಲಿಟ್ಟು ಹೊರನಡೆದರು.

ಥಾಣೆಗೆ ಹೋಗುವ ಗಾಡಿಯಲ್ಲಿ ಕಿಟಕಿಯ ಬಳಿಯೇ ಸೀಟು ಸಿಕ್ಕಿತು, ಕೂತಲ್ಲಿ ಕೂರಲಾಗಲಿಲ್ಲ. ಘಣಸೋಲಿಯಲ್ಲಿ ಎದ್ದು ನಿಂತರು, ರಬಾಳೆಯಲ್ಲಿ ಮತ್ತೆ ಕುಳಿತರು. ಜೀವಮಾನಕ್ಕೆ ಇದ್ದದ್ದು ಅದೊಂದೇ ಪುಸ್ತಕ. ಮೊಂಡುತನದಿಂದ ಅದನ್ನೂ ಕಳೆದುಕೊಂಡೆನೇ? ಒಂದು ಬಾಗಿಲಾದರೂ ಉಳಿಯುತ್ತಿತ್ತಲ್ಲ? ಆದರೆ ಮೊದಲಿನ ಅರೆನಿಜಗಳಿಲ್ಲದೆ ಕೊನೆಯ ನಿಜಕ್ಕೆ ಬೆಲೆಯೇನು? ಚೀಲದ ಹಿಡಿಯನ್ನು ತಿರುಚುತ್ತಲೇ ಇದ್ದರು.

ಐರೋಲಿ ದಾಟುವಾಗ ಫೋನು ಬಂತು. ಧರ್ಮಪಾಲರ ಹೆಂಡತಿ ರಮಿತಾ. ಮದುವೆಗೆ ಮುಂಚೆ, ಜಯಲತಾ ಕಥೆ ಹೇಳುತ್ತಿದ್ದ ಬೆಳಗಿನ ಡಬ್ಬಿಗೆ ಮುಲುಂಡಿನಲ್ಲಿ ಹತ್ತುತ್ತಿದ್ದವರು.

"ಜಯಕ್ಕ, ಇವರು ಫೋನ್ ಮಾಡಿ ನಿಮ್ಮ ಮೇಲೆ ದೂರು ಹೇಳಿದ್ರು. ದಿವಾ, ಥಾಣೆಯ ಬಾಗಿಲುಗಳ ಕಥೆ ನನಗೆ ಇವತ್ತಿಗೂ ಗೊತ್ತಿಲ್ಲ. ಪತ್ರಿಕೆಯಲ್ಲಿ ಬಂದಾಗಲೂ ನಾನು ಮುಲುಂಡಿನ, ಅಂದ್ರೆ ಮೂರನೇ ಬಾಗಿಲಿನಿಂದಲೇ ಓದಿದ್ದು. ಆ ಬಾಗಿಲು ಮುಚ್ಚಿದ್ರೆ ನಾನು ಎಲ್ಲಿ ಹತ್ತುವುದು?"

ಜಯಲತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

"ಇವರಿಗೂ ಇದನ್ನೇ ಹೇಳಿದ್ದೇನೆ. ಲೈನಿನಲ್ಲೇ ಇದ್ದಾರೆ. ಮಾತಾಡಿ, ಬಿಡಬೇಡಿ!"

"ಜಯಕ್ಕ," ಧರ್ಮಪಾಲರ ದನಿ ತಗ್ಗಿತ್ತು, "ಮೂರು ಬಾಗಿಲು ಇಡುವನಾ?"

"ಐದು."

"ಮತ್ತೆ ಜೋಡಿಸಿದ್ರೆ ಭಾನುವಾರ ಬಿಡುಗಡೆ ಆಗ್ಲಿಕ್ಕಿಲ್ಲ. ಆಹ್ವಾನ ಊರೆಲ್ಲ ಹೋಗಿದೆ. ಮುಂದಿನ ತಾರೀಕು ನನಗೇ ಗೊತ್ತಿಲ್ಲ."

"ಹೋಗಲಿ ಭಾನುವಾರ."

ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು. "ಆಯ್ತು, ಐದು. ಆದ್ರೆ ಯಾವುದು ಎಲ್ಲಿ ಬರ್ಬೇಕು ಅಂತ ನೀವೇ ಕೂತು ತೋರಿಸ್ಬೇಕು. ನಾಳೆ ಬನ್ನಿ."

ಗಾಡಿ ಥಾಣೆಯಲ್ಲಿ ನಿಂತಿತು. ಇಳಿಯುವವರಿಗೆ ದಾರಿ ಬಿಡದೆ ಹೆಂಗಸರು ಒಳನುಗ್ಗಿದರು. ಡೊಂಬಿವಲಿಗೆ ಹೋಗಬೇಕಾದವರು ಇಲ್ಲಿ ಇಳಿದು ಗಾಡಿ ಬದಲಿಸಬೇಕು. ಜಯಲತಾ ಏಳಲಿಲ್ಲ, ಅದೇ ಗಾಡಿ ತುರ್ಭೆಯ ಮಾರ್ಗವಾಗಿಯೇ ಹಿಂದಿರುಗುವುದಿತ್ತು.

"ನಾಳೆ ಯಾಕೆ?" ಎಂದರು. "ಮುದ್ರಣಾಲಯದಲ್ಲೇ ಇರಿ, ಬಂದೆ."